ಪಿಕ್ ಅಪ್‌ಗೆ ಒಂದೇ ಅರ್ಥ ಕೊಟ್ಟರೆ ಸಾಲದು

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಯ ಇಂಗ್ಲಿಷ್ ಕಲಿಕೆಯ ಅಂಕಣದಲ್ಲಿ ಈಚೆಗೆ ಫ್ರೇಸಲ್ ವರ್ಬ್‌ಗಳ, ಅಂದರೆ ಕ್ರಿಯಾಪದದ ಜೊತೆ ಅಪ್, ಆಫ್ ಥರದ ಸಣ್ಣ ಪದ ಸೇರಿ ಬೇರೆ ಅರ್ಥ ಕೊಡುವ ಮಾತುಗಳ ಪಟ್ಟಿ ಬರುತ್ತಿದೆ. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ. ಪಿಕ್ ಅಪ್ ಎಂದರೆ ಎತ್ತಿಕೊಳ್ಳು, ಪುಟ್ ಆಫ್ ಎಂದರೆ ಮುಂದೂಡು, ಲುಕ್ ಆಫ್ಟರ್ ಎಂದರೆ ನೋಡಿಕೊಳ್ಳು. ಕತ್ತರಿಸಿ ಗೋಡೆಗೆ ಅಂಟಿಸೋಕೆ ಚೆನ್ನಾಗಿದೆ. ಬಾಯಿಪಾಠ ಮಾಡೋಕೂ ಸುಲಭ. ಆದರೆ ಹಾಗೆ ಬಾಯಿಪಾಠ ಮಾಡಿದವರೇ ಒಂದು ವಾಕ್ಯ ಹೇಳು ಅಂದರೆ ತಡವರಿಸುತ್ತಾರೆ. ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ನಾನು ಇದನ್ನು ದಿನಾ ನೋಡುತ್ತೇನೆ.

ಪಿಕ್ ಅಪ್ ಒಂದನ್ನೇ ತಗೊಳ್ಳಿ. ಕೆಳಗೆ ಬಿದ್ದ ಪೆನ್ನಿಗೆ ನಿಮ್ಮ ಅರ್ಥ ಸರಿಹೋಗುತ್ತದೆ, 'ಪಿಕ್ ಅಪ್ ದ ಪೆನ್'. ಅದೇ ಹುಡುಗ ನಾಳೆ 'ಐ ವಿಲ್ ಪಿಕ್ ಯೂ ಅಪ್ ಅಟ್ ಸಿಕ್ಸ್' ಅಂತ ಓದಿದರೆ ಏನು ಮಾಡಬೇಕು? ಆರು ಗಂಟೆಗೆ ಸರಿಯಾಗಿ ಯಾರನ್ನೋ ಎತ್ತಿಕೊಳ್ಳುತ್ತಾರೆ ಅಂದುಕೊಳ್ಳಬೇಕಾ? ಅಲ್ಲಿ ಅದು ಬಂದು ಕರೆದುಕೊಂಡು ಹೋಗುವುದು. 'ಶೀ ಪಿಕ್ಟ್ ಅಪ್ ಕನ್ನಡ ಫ್ರಮ್ ಹರ್ ನೇಬರ್ಸ್' ಅಂದರೆ ಯಾರೂ ಕೂರಿಸಿ ಪಾಠ ಮಾಡಲಿಲ್ಲ, ಅಕ್ಕಪಕ್ಕದವರ ಮಾತು ಕೇಳಿ ಕೇಳಿ ಬಂತು ಅಂತ. ಬರೀ ಲರ್ನ್ ಅಂದರೆ ಅದೆಲ್ಲ ಗೊತ್ತಾಗುವುದಿಲ್ಲ. 'ಹೀ ಪಿಕ್ಟ್ ಅಪ್ ಎ ಕೋಲ್ಡ್' ಅಂದರೆ ನೆಗಡಿ ಅಂಟಿಸಿಕೊಂಡ. 'ಬಿಸಿನೆಸ್ ಈಸ್ ಪಿಕಿಂಗ್ ಅಪ್' ಅಂದರೆ ವ್ಯಾಪಾರ ಚೇತರಿಸಿಕೊಳ್ಳುತ್ತಿದೆ. ಗಾಳಿ ಜೋರಾದರೂ 'ದ ವಿಂಡ್ ಪಿಕ್ಟ್ ಅಪ್' ಅಂತಲೇ ಹೇಳುತ್ತಾರೆ. ಈ ಕೊನೆಯ ಎರಡರಲ್ಲಿ ಎತ್ತುವವರೂ ಇಲ್ಲ, ಎತ್ತಿದ ವಸ್ತುವೂ ಇಲ್ಲ.

ಇನ್ನು ಫೋನ್ ವಿಷಯ. ನಾವೆಲ್ಲ 'ಫೋನ್ ಪಿಕ್ ಮಾಡಲಿಲ್ಲ' ಅನ್ನುತ್ತೇವೆ, ಅಪ್ ಅನ್ನು ಯಾವಾಗಲೋ ಕಿತ್ತುಹಾಕಿದ್ದೇವೆ. ಕನ್ನಡದಲ್ಲಿ ಅದು ತಪ್ಪಲ್ಲ, ನಮ್ಮ ಮಾತು ನಮ್ಮಿಷ್ಟ. ಆದರೆ ಅದನ್ನೇ ಇಂಗ್ಲಿಷಿಗೆ ಒಯ್ದು 'ಹೀ ಡಿಡ್ ನಾಟ್ ಪಿಕ್ ದ ಫೋನ್' ಅಂದರೆ, ನಾಲ್ಕಾರು ಫೋನ್ ಮುಂದಿಟ್ಟಾಗ ಅವನು ಇದನ್ನು ಆರಿಸಲಿಲ್ಲ ಅನ್ನುವ ಹಾಗೆ ಕೇಳಿಸುತ್ತದೆ. ಅಪ್ ಇರಲೇಬೇಕು. ಬೇಕಾದರೆ ಫೋನ್ ಅನ್ನೋದನ್ನೇ ಬಿಡಬಹುದು, 'ಹೀ ಡಿಡಂಟ್ ಪಿಕ್ ಅಪ್' ಅಂದರೆ ಸಾಕು. ಇನ್ನೊಂದು ಕಡೆ ನಮ್ಮ ರೂಢಿಯಿಂದ ಅನುಕೂಲವೂ ಇದೆ. ಗಾಡಿಗೆ ಪಿಕಪ್ ಇಲ್ಲ ಅಂತ ಗೊಣಗುವವರಿಗೆ ವೇಗ ಹಿಡಿಯುವ ಅರ್ಥ ಆಗಲೇ ಗೊತ್ತು, 'ದ ಬಸ್ ಪಿಕ್ಟ್ ಅಪ್ ಸ್ಪೀಡ್' ಹೇಳಿಕೊಡೋಕೆ ಅಲ್ಲಿಂದಲೇ ಶುರು ಮಾಡಬಹುದಲ್ವಾ?

ನನ್ನ ಮುಖ್ಯ ತಕರಾರು ಇಟ್ ಎಲ್ಲಿ ಕೂರಬೇಕು ಅನ್ನೋದರ ಬಗ್ಗೆ. ನಿಮ್ಮ ಪಟ್ಟಿಯಲ್ಲಿ ಇದರ ಸುದ್ದಿಯೇ ಇಲ್ಲ. 'ಪಿಕ್ ಅಪ್ ದ ಬ್ಯಾಗ್' ಸರಿ, 'ಪಿಕ್ ದ ಬ್ಯಾಗ್ ಅಪ್' ಕೂಡ ಸರಿ. ಬ್ಯಾಗ್ ಬದಲು ಇಟ್ ಬಂತೋ, 'ಪಿಕ್ ಇಟ್ ಅಪ್' ಒಂದೇ ಸರಿ. 'ಪಿಕ್ ಅಪ್ ಇಟ್' ಅಂತ ಯಾರೂ ಅನ್ನುವುದಿಲ್ಲ. ಮೀ, ಹಿಮ್, ದೆಮ್ ಎಲ್ಲಕ್ಕೂ ಇದೇ ಕಟ್ಟುಪಾಡು, ನಡುವೆಯೇ ಕೂರಬೇಕು. ಪುಟ್ ಆಫ್ ಕೂಡ ಹೀಗೇ, 'ಪುಟ್ ಇಟ್ ಆಫ್'. ಆದರೆ ಅದರ ಪಕ್ಕದಲ್ಲೇ ನೀವು ಅಚ್ಚು ಮಾಡಿರುವ ಲುಕ್ ಆಫ್ಟರ್ ಇದಕ್ಕೆಲ್ಲ ಬಗ್ಗುವುದಿಲ್ಲ. ಅದನ್ನು ಒಡೆಯುವ ಹಾಗೇ ಇಲ್ಲ, 'ಲುಕ್ ಆಫ್ಟರ್ ಹಿಮ್' ಅಂತಲೇ ಹೇಳಬೇಕು. ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಓದುವ ಮಗು ಮೂರೂ ಒಂದೇ ಥರ ನಡೆದುಕೊಳ್ಳುತ್ತವೆ ಅಂತ ನಂಬುತ್ತದೆ. ಇದನ್ನು ವ್ಯಾಕರಣದ ಸೂತ್ರವಾಗಿ ಹೇಳಿದರೆ ನಿದ್ದೆ ಬರುತ್ತದೆ, ನಿಜ. ವಾಕ್ಯದಲ್ಲಿ ತೋರಿಸಿ, ನಾಲ್ಕು ಸಲ ಬಾಯಲ್ಲಿ ಹೇಳಿಸಿದರೆ ತಾನಾಗಿಯೇ ನಾಲಗೆಗೆ ಕೂರುತ್ತದೆ.

ಇದು ನಮ್ಮ ಮಕ್ಕಳಿಗೆ ಮಾತ್ರ ಕಷ್ಟ ಅಂತಲೂ ಅಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಹೊರತಂದ ತನ್ನ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲೇ, ಕ್ರಿಯಾಪದದ ನಂತರ ಇಂಥ ಸಣ್ಣ ಪದ ಸೇರಿ ಅರ್ಥ ಬದಲಾಗುವುದು ಹೊರಗಿನವರಿಗೆ ಎಲ್ಲಕ್ಕಿಂತ ಜಾಸ್ತಿ ತೊಡಕು ಕೊಡುತ್ತದೆ ಅಂತ ಬರೆದಿದ್ದಾನೆ. ಆಗಿನ್ನೂ ಫ್ರೇಸಲ್ ವರ್ಬ್ ಅನ್ನುವ ಹೆಸರೇ ರೂಢಿಯಲ್ಲಿರಲಿಲ್ಲ. ನಮ್ಮ ಭಾಷೆ ಏನು ಕಮ್ಮಿ ಹೇಳಿ. ಕನ್ನಡ ಕಲಿಯುವವರೊಬ್ಬರು ಕೈ ಗೊತ್ತು, ಕೊಡು ಗೊತ್ತು ಅಂದುಕೊಂಡು 'ಮೋಟಾರು ಕೈಕೊಟ್ಟಿತು' ಅನ್ನೋ ಮಾತು ಕೇಳಿದರೆ ಮೋಟಾರು ಏನೋ ಸಹಾಯ ಮಾಡಿತು ಅಂತಲೇ ತಿಳಿಯುತ್ತಾರೆ.

ಅಂಕಣದಲ್ಲಿ ಉಚ್ಚಾರಣೆ ಕೊಡುವಾಗಲೂ ಸ್ವಲ್ಪ ಎಚ್ಚರ ಬೇಕು. 'ಪಿಕ್ಡ್ ಅಪ್' ಅಂತ ಹಾಕಿದ್ದೀರಿ. ಕ ಸದ್ದಿನ ನಂತರ ಬರುವ ಆ -ed (ಇ, ಡಿ ಅಕ್ಷರಗಳು) ಟ ಆಗುತ್ತದೆ, ಪಿಕ್ಟ್. ಅದು ಮುಂದಿನ ಅಪ್ ಜೊತೆ ಅಂಟಿಕೊಂಡು ಬಾಯಲ್ಲಿ 'ಪಿಕ್ಟಪ್' ಅಂತಲೇ ಬರುತ್ತದೆ. ಅಚ್ಚಿನಲ್ಲಿ ಪಿಕ್ಡ್ ಕಲಿತವರಿಗೆ ಯಾರಾದರೂ ವೇಗವಾಗಿ ಮಾತಾಡುವಾಗ ಇದು ಬೇರೆ ಯಾವುದೋ ಪದ ಅನಿಸಿಬಿಡುತ್ತದೆ. ಹಾಗೇ, ಫ್ರೇಸಲ್ ವರ್ಬ್‌ಗಳು ಬರವಣಿಗೆಗೆ ಬೇಡ, ಒರಟು ಅನ್ನುವ ಸಲಹೆಯನ್ನೂ ದಯವಿಟ್ಟು ಕೈಬಿಡಿ. ಕಚೇರಿಯ ಅರ್ಜಿಯಲ್ಲಿ ಕಲೆಕ್ಟ್ ಅನ್ನೋದು ಹೊಂದಬಹುದು, ಗೆಳೆಯನಿಗೆ ಕಳಿಸುವ ಮೆಸೇಜಿನಲ್ಲಿ ಪಿಕ್ ಅಪ್ ಅನ್ನೋದೇ ಸಹಜ.

ವಾರಕ್ಕೆ ಹತ್ತು ಪದ ಯಾಕೆ ಬೇಕು? ಒಂದು ಸಾಕು. ಅದಕ್ಕೆ ಐದಾರು ವಾಕ್ಯ ಕೊಡಿ, ಮನೆಯಲ್ಲಿ, ಫೋನಿನಲ್ಲಿ, ಕೆಲಸದ ಜಾಗದಲ್ಲಿ ಜನ ನಿಜವಾಗಿ ಆಡುವಂಥವು. ಅರ್ಥವನ್ನು ಮೊದಲೇ ಹೇಳದೆ ಕೆಳಗೆ ಹಾಕಿ, ಓದುವವರು ಒಂಚೂರು ತಲೆ ಕೆರೆದುಕೊಳ್ಳಲಿ. ಇಟ್ ಇರುವ ಒಂದು ವಾಕ್ಯವಾದರೂ ಇರಲೇಬೇಕು. ಇಷ್ಟಕ್ಕೆಲ್ಲ ಜಾಗ ಎಲ್ಲಿದೆ ಅಂತೀರೇನೋ. ಅಂಕಣದ ಮೇಲೆ ಪ್ರತಿ ವಾರ ಸುಮ್ನೆ ಅಷ್ಟು ದೊಡ್ಡದಾಗಿ ಕೂತಿರುವ ಆ ಕೋಟು ಟೈ ತೊಟ್ಟವನ ಚಿತ್ರ ತೆಗೆದರೆ ಐದಲ್ಲ, ಎಂಟು ವಾಕ್ಯ ಹಿಡಿಯುತ್ತವೆ.

ಇಂತಿ,
ಅಂಕಣದ ಖಾಯಂ ಓದುಗಾರ್ತಿ