ಸಾಫೋ ಕಾಯಿಲೆ: ಔಷಧಿಯ ಜೊತೆ ಕಾರಣವನ್ನೂ ತಿಳಿಸಿ

ಮಾನ್ಯ ಸಂಪಾದಕರೇ,

ಎದೆಯ ನಡುವಿನ ಮೂಳೆಗೆ ಕಾಲರ್ ಬೋನ್ ಬಂದು ಸೇರುವ ಜಾಗದಲ್ಲಿ ನನಗೆ ಊತ ಕಾಣಿಸಿಕೊಂಡಾಗ ಅದನ್ನು ಮೂಳೆಯ ಸೋಂಕೆಂದು ತಿಳಿದು ತಿಂಗಳುಗಟ್ಟಲೆ ಆಂಟಿಬಯೋಟಿಕ್ ಕೊಡಲಾಯಿತು. ಅಂಗೈಯಲ್ಲಿ ಎದ್ದಿದ್ದ ಕೀವುಗುಳ್ಳೆಗಳಿಗೆ ಚರ್ಮವೈದ್ಯರಲ್ಲಿ ಬೇರೆಯೇ ಮುಲಾಮು ನಡೆದಿತ್ತು. ಬಯಾಪ್ಸಿಯಲ್ಲಿ ತೆಗೆದ ಮೂಳೆಯ ಚೂರಿನಲ್ಲಿ ಯಾವ ರೋಗಾಣುವೂ ಬೆಳೆಯಲಿಲ್ಲ. ಕೊನೆಗೆ ಊತವನ್ನೂ ಅಂಗೈಯನ್ನೂ ಒಟ್ಟಿಗೆ ನೋಡಿದ ಸಂಧಿವಾತ ತಜ್ಞರು ಇದು ಸಾಫೋ ಎಂದರು. ಕೀಲಿನ ಉರಿಯೂತ, ಮೊಡವೆ, ಕೀವುಗುಳ್ಳೆ, ಮೂಳೆಯ ಅತಿಬೆಳವಣಿಗೆ ಮತ್ತು ಮೂಳೆಯ ಉರಿಯೂತ ಎಂಬ ಐದು ಲಕ್ಷಣಗಳ ವೈದ್ಯಕೀಯ ಹೆಸರುಗಳ ಮೊದಲಕ್ಷರಗಳನ್ನು (SAPHO) ಕೂಡಿಸಿ ಫ್ರಾನ್ಸಿನ ವೈದ್ಯರು 1987ರಲ್ಲಿ ಇಟ್ಟ ಹೆಸರದು. ಐದೂ ಎಲ್ಲರಲ್ಲೂ ಕಾಣುವುದಿಲ್ಲ.

ಈ ಕಾಯಿಲೆಗೆಂದೇ ತಯಾರಾದ ಔಷಧಿ ಇಲ್ಲ. ಕೊಡುವುದೆಲ್ಲ ಬೇರೆ ರೋಗಗಳಿಂದ ಎರವಲು ತಂದದ್ದು. ಆದ್ದರಿಂದಲೇ ಯಾವುದನ್ನು ಏಕೆ ಕೊಡುತ್ತಿದ್ದಾರೆಂದು ರೋಗಿಗೆ ಗೊತ್ತಿರಬೇಕೆಂದು ನಾನು ಒತ್ತಾಯಿಸುತ್ತೇನೆ. ಸಾಮಾನ್ಯವಾಗಿ ಮೊದಲು ಬರುವುದು ನ್ಯಾಪ್ರೋಕ್ಸೆನ್‌ನಂಥ ಉರಿಯೂತ ತಗ್ಗಿಸುವ ಮಾತ್ರೆ. ಹೇಳಿದಷ್ಟು ದಿನ ತಪ್ಪದೆ ತೆಗೆದುಕೊಳ್ಳುವ ಬದಲು ನೋವು ಬಂದಾಗಷ್ಟೇ ನುಂಗುತ್ತಿದ್ದೆ, ಉಪಯೋಗವಾಗಲಿಲ್ಲ. ಹೊಟ್ಟೆಹುಣ್ಣು ಅಥವಾ ಮೂತ್ರಪಿಂಡದ ತೊಂದರೆ ಇರುವವರು ಅದನ್ನು ಮೊದಲೇ ತಿಳಿಸಬೇಕು.

ನನಗೆ ಗುಣ ಕಾಣಿಸಿದ್ದು ಪ್ಯಾಮಿಡ್ರೊನೇಟ್‌ನಿಂದ. ಮೂಳೆಯನ್ನು ಸವೆಸುವ ಜೀವಕೋಶಗಳನ್ನು ತಡೆಯುವ ಈ ಔಷಧಿಯನ್ನು ರಕ್ತನಾಳಕ್ಕೆ ಕೆಲವು ಗಂಟೆಗಳ ಕಾಲ ನಿಧಾನವಾಗಿ ಡ್ರಿಪ್ ಮೂಲಕ ಹಾಕುತ್ತಾರೆ. ಮೊದಲ ಡ್ರಿಪ್‌ನ ಮರುದಿನ ಚಳಿಜ್ವರ ಬಂದು, ಎರಡು ಹೊದಿಕೆ ಹೊದ್ದರೂ ನಡುಕ ನಿಲ್ಲದಿದ್ದಾಗ, ಔಷಧಿ ನನಗೆ ಒಗ್ಗಲಿಲ್ಲವೆಂದು ಗಾಬರಿಯಾದೆ. ಮೊದಲ ಸಲ ಹೀಗಾಗುವುದು ಸಾಮಾನ್ಯ, ಒಂದೆರಡು ದಿನಗಳಲ್ಲಿ ಇಳಿಯುತ್ತದೆ ಎಂದು ಯಾರಾದರೂ ಹೇಳಿದ್ದರೆ ಆ ರಾತ್ರಿ ಹಾಗೆ ಕಳೆಯಬೇಕಾಗಿರಲಿಲ್ಲ. ಡ್ರಿಪ್‌ಗೆ ಮುಂಚೆ ಕ್ಯಾಲ್ಸಿಯಂ, ವಿಟಮಿನ್ ಡಿ ಮತ್ತು ಮೂತ್ರಪಿಂಡದ ಪರೀಕ್ಷೆ ಆಗಬೇಕು. ಹಲ್ಲು ಕೀಳಿಸುವುದಿದ್ದರೆ ಅದನ್ನೂ ಮೊದಲೇ ಮುಗಿಸಿಕೊಳ್ಳಬೇಕು, ಏಕೆಂದರೆ ಆಮೇಲೆ ದವಡೆಮೂಳೆ ಮಾಯದೆ ಉಳಿಯುವ ಅಪಾಯ ಅಪರೂಪಕ್ಕಾದರೂ ಇದೆ. ಔಷಧಿ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಮುಂದೆ ಗರ್ಭ ಧರಿಸಬಯಸುವವರು ವೈದ್ಯರೊಂದಿಗೆ ಬಿಚ್ಚಿ ಮಾತನಾಡಬೇಕು.

ಕೀಲುಗಳು ಹೆಚ್ಚು ಬಾಧಿಸಿದರೆ ಮೆಥೊಟ್ರೆಕ್ಸೇಟ್ ಬರೆಯುವುದುಂಟು. ಅದು ವಾರಕ್ಕೊಮ್ಮೆಯ ಮಾತ್ರೆ. ತಪ್ಪು ತಿಳಿದು ದಿನವೂ ನುಂಗಿದರೆ ಪ್ರಾಣಕ್ಕೇ ಕುತ್ತು. ಇದಕ್ಕೂ ಬಗ್ಗದಿದ್ದರೆ ಅಡಾಲಿಮುಮ್ಯಾಬ್‌ನಂಥ ಚುಚ್ಚುಮದ್ದುಗಳಿವೆ. ಅವನ್ನು ಆರಂಭಿಸುವ ಮೊದಲು ಕ್ಷಯ ಮತ್ತು ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ಮೂಳೆನೋವು ಇಳಿದರೂ ಕೆಲವರಲ್ಲಿ ಅದೇ ಚುಚ್ಚುಮದ್ದಿನಿಂದ ಅಂಗೈಗುಳ್ಳೆ ಹೆಚ್ಚುವುದುಂಟು. ಆಗ ಅದನ್ನು ಹಳೆಯ ಕಾಯಿಲೆಯೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು, ಬೇರೆ ಬಗೆಯ ಔಷಧಿಗೆ ಬದಲಾಯಿಸುವ ದಾರಿ ಇದೆ.

ಮೂಳೆ, ಚರ್ಮ ಮತ್ತು ಸಂಧಿವಾತ ವಿಭಾಗಗಳ ವೈದ್ಯರು ಇಂಥ ರೋಗಿಗಳನ್ನು ಒಟ್ಟಿಗೆ ಕುಳಿತು ನೋಡುವ ವ್ಯವಸ್ಥೆ ದೊಡ್ಡ ಆಸ್ಪತ್ರೆಗಳಲ್ಲಾದರೂ ಬರಲಿ. ಚೀಟಿಯಲ್ಲಿ ಔಷಧಿಯ ಹೆಸರಿನ ಪಕ್ಕದಲ್ಲೇ ಅದನ್ನು ಏಕೆ ಬರೆದಿದ್ದಾರೆ, ಎಷ್ಟು ವಾರ ಕಾದು ನೋಡಬೇಕು ಎಂಬ ಒಂದು ಸಾಲನ್ನೂ ಸೇರಿಸಬೇಕೆಂದು ವೈದ್ಯರಲ್ಲಿ ವಿನಂತಿಸುತ್ತೇನೆ.

– ಓದುಗರೊಬ್ಬರು