ಬೋರ್ಡಿನ ಮೇಲೆ ತಾತನ ಹೆಸರು ಇರಲಿ

ಅಡಿಲೇಡ್

ಅಪ್ಪನಿಗೆ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ಇಲ್ಲಿಯ ಮಾಂಸದಂಗಡಿ ಹೇಗಿರುತ್ತೆ ಅಂತ ಫೋನಿನಲ್ಲಿ ಕೇಳಿದ್ದಿರಲ್ಲ, ಮಾತು ಅರ್ಧಕ್ಕೇ ನಿಂತಿತು. ಅದಕ್ಕೇ ಬರೆಯುತ್ತಿದ್ದೇನೆ.

ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಈ ಅಡಿಲೇಡಿನಿಂದ ಸುಮಾರು ಒಂದು ಗಂಟೆ ಹೋದರೆ ಬರೋಸಾ ಕಣಿವೆ. ಎತ್ತ ನೋಡಿದರೂ ದ್ರಾಕ್ಷಿ ತೋಟ. ಹಳೇ ಮನೆತನಗಳು ಜರ್ಮನ್ ಮೂಲದವು. ಜರ್ಮನ್ ನಾಡಿನ ಪ್ರಷ್ಯಾದ ರಾಜ ಚರ್ಚಿನ ಪೂಜಾ ಪದ್ಧತಿ ಬದಲಿಸಲು ಹೊರಟಾಗ, ಒಪ್ಪದ ಲೂಥರನ್ ಪಂಥದ ಕ್ರೈಸ್ತ ರೈತರು ಹಡಗು ಹತ್ತಿ ಬಂದುಬಿಟ್ಟರು. 1842ರಲ್ಲಿ ಬೆಥನಿ ಎಂಬ ಹಳ್ಳಿ ಕಟ್ಟಿಕೊಂಡರು. ಚಳಿಗಾಲದಲ್ಲಿ, ಅಂದರೆ ಇಲ್ಲಿ ಜೂನ್, ಜುಲೈನಲ್ಲಿ, ಮನೆಯಲ್ಲೇ ಹಂದಿ ಕಡಿದು, ಕೈಮವನ್ನು ಕರುಳಿಗೆ ತುಂಬಿ ಸಾಸೇಜು ಮಾಡಿಡುತ್ತಿದ್ದರು. ಆ ಕೈಕೆಲಸವೇ ಮುಂದೆ ಅಂಗಡಿಗೆ ಬಂತು. ನೂರಿಯೂಟ್ಪಾದಲ್ಲಿ ಲಿಂಕೆ, ಆಂಗಸ್ಟನ್ನಿನಲ್ಲಿ ಶುಲ್ಜ್. ಅಂಗಡಿಗೆ ಮನೆತನದ ಹೆಸರೇ ಹೆಸರು.

ಅವರ ಹೆಸರುವಾಸಿ ಸಾಸೇಜು ಮೆಟ್‌ವುರ್ಸ್ಟ್. ಬೇಯಿಸುವುದೇ ಇಲ್ಲ ಅಪ್ಪ! ಹಂದಿ ಕೈಮಕ್ಕೆ ಉಪ್ಪು, ಮೆಣಸು, ಬೆಳ್ಳುಳ್ಳಿ ಕಲಸಿ ಉದ್ದಕ್ಕೆ ತುಂಬುತ್ತಾರೆ. ನೇತುಹಾಕಿ ಹುಳಿ ಬರಿಸಿ, ಬಿಸಿ ತಾಗದ ಹಾಗೆ ಹೊಗೆ ಕೊಡುತ್ತಾರೆ. ನಮ್ಮ ಅಂಗಡಿಯಲ್ಲಿ ಬೆಳಿಗ್ಗೆ ಕಡಿದದ್ದು ಮಧ್ಯಾಹ್ನದೊಳಗೆ ಖಾಲಿಯಾಗಬೇಕು. ಇವರಿಗೆ ಕಾಯುವುದೇ ಕಸುಬು.

ಕಾಯುವುದರಲ್ಲಿ ಅಪಾಯವೂ ಇದೆ. 1995ರಲ್ಲಿ ಅಡಿಲೇಡಿನ ಒಂದು ಕಂಪನಿಯ, ಕ್ರಿಮಿ ಸೇರಿದ್ದ ಮೆಟ್‌ವುರ್ಸ್ಟ್ ತಿಂದು ಮಕ್ಕಳ ಕಿಡ್ನಿ ಕೆಟ್ಟವು. ನಾಲ್ಕು ವರ್ಷದ ಒಂದು ಮಗು ತೀರಿಕೊಂಡಿತು. ತಪ್ಪು ಮಾಡದ ಅಂಗಡಿಗಳಲ್ಲೂ ಜನ ಕೊಳ್ಳುವುದು ಬಿಟ್ಟರು. ಆಮೇಲೆ ಕಾನೂನು ಬಿಗಿಯಾಯಿತು. ಕ್ರಿಮಿ ಬೆಳೆಯದಷ್ಟು ಹುಳಿ ಬಂತೇ ಅಂತ ಅಳೆದು ನೋಡಬೇಕು, ಕೈ ಅಂದಾಜು ನಡೆಯುವುದಿಲ್ಲ. ನಿಮಗಿದು ಹಿಡಿಸುವುದಿಲ್ಲ ಬಿಡಿ, ಆದರೂ ಸರಿ ಅಲ್ವಾ?

ಮೊದಲ ಮಹಾಯುದ್ಧದಲ್ಲಿ ಜರ್ಮನ್ ಅಂದರೆ ಸಿಟ್ಟು. 1917ರ ಕಾನೂನಿನಿಂದ ಈ ರಾಜ್ಯದ 69 ಜಾಗಗಳ ಜರ್ಮನ್ ಹೆಸರು ಹೋಯಿತು, ಬೇರೊಂದು ಕಾನೂನಿನಿಂದ ಲೂಥರನ್ ಶಾಲೆಗಳು ಮುಚ್ಚಿದವು. ಮೆಟ್‌ವುರ್ಸ್ಟ್ ಮಾತ್ರ ಹೆಸರು ಸಮೇತ ಉಳಿಯಿತು! ಬಾಯಿ ರುಚಿಯ ಮುಂದೆ ಸರ್ಕಾರ ಏನು ಮಾಡುತ್ತೆ? ಫ್ರಿಟ್ಜ್ ಅಂತ ಇನ್ನೊಂದಿದೆ, ಬೇಯಿಸಿದ ಮೆತ್ತನೆ ಸಾಸೇಜು. ಅಮ್ಮನ ಜೊತೆ ಬಂದ ಮಕ್ಕಳಿಗೆ ಅದರದೊಂದು ಬಿಲ್ಲೆ ಪುಕ್ಕಟೆ. ನೀವು ಗಿರಾಕಿ ಮಕ್ಕಳಿಗೆ ಪೆಪ್ಪರ್‌ಮಿಂಟು ಕೊಡುತ್ತಿದ್ದ ಹಾಗೆ.

ಮಂಜ ನಮ್ಮ ಬೋರ್ಡು ತೆಗೆಸಿ 'ಫ್ರೆಶ್ ಮಟನ್ ಸೆಂಟರ್' ಅಂತ ಹಾಕಿಸುತ್ತಾನಂತೆ. ಬೇಡ ಅನ್ನಿ. ಬಣ್ಣ ಹೊಸದಾಗಲಿ, ತಾತನ ಹೆಸರು ಇರಲಿ. ಕೆಳಗೆ ಅಂಗಡಿ ಶುರುವಾದ ವರ್ಷವನ್ನೂ ಬರೆಸಿ. ಸೋದರತ್ತೆಗೆ ನೆನಪಿರಬಹುದು, ಕೇಳಿ ನೋಡಿ. ಬೋರ್ಡಿನ ಖರ್ಚು ನನ್ನದು.

ಅಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮಗ,
ಸೀನ