ಮೈಸೂರು ಪ್ರವಾಸ: ಬುಧವಾರ ರಾತ್ರಿಯೊಳಗೆ ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ. ಈ ಶನಿವಾರ, ಭಾನುವಾರದ ಮೈಸೂರು ಪ್ರವಾಸಕ್ಕೆ ಬರುವವರು ಇದನ್ನು ಪೂರ್ತಿ ಓದಿ.

ಶನಿವಾರ ಬೆಳಿಗ್ಗೆ ರೈಲಿನಲ್ಲಿ ಹೊರಡುತ್ತೇವೆ. ಉಳಿಯೋದು ಮೈಸೂರು ಸ್ಟೇಷನ್ ಹತ್ತಿರದ ಲಾಡ್ಜ್‌ನಲ್ಲಿ, ಒಂದು ರೂಮಿಗೆ ಮೂವರು. ಮಂಡಿನೋವು ಇರುವವರು ಈಗಲೇ ಹೇಳಿ, ಕೆಳಗಿನ ರೂಮುಗಳನ್ನು ನಿಮಗೇ ಇಡುತ್ತೇನೆ. ಅವತ್ತು ಮಧ್ಯಾಹ್ನ ಜಗನ್ಮೋಹನ ಅರಮನೆಯ ಚಿತ್ರಶಾಲೆ, ಸಂಜೆ ದೇವರಾಜ ಮಾರುಕಟ್ಟೆ. ಮಲ್ಲಿಗೆ ಮಾರು, ವೀಳ್ಯದೆಲೆ ಕಟ್ಟು, ಕುಂಕುಮದ ಬಣ್ಣಬಣ್ಣದ ಗೋಪುರಗಳು. ಅಲ್ಲಿ ಆತುರ ಮಾಡೋದು ಬೇಡ.

ಭಾನುವಾರ ಬೆಳಿಗ್ಗೆ 6ಕ್ಕೆ ಚಾಮುಂಡಿ ಬೆಟ್ಟ. ಸಾವಿರಕ್ಕೂ ಜಾಸ್ತಿ ಮೆಟ್ಟಿಲಿವೆ. ಆಗದವರು ಬಸ್ಸಿನಲ್ಲಿ ಬನ್ನಿ, ಇಳಿಯುವಾಗ ಎಲ್ಲರೂ ಸೇರಿ ನಂದಿ ನೋಡೋಣ. ತಿಂಡಿಗೆ ನಜರಬಾದಿನಲ್ಲಿ ಬೆಣ್ಣೆ, ಸಾಗು ಇಟ್ಟು ಕೊಡುವ ಮೆತ್ತನೆಯ ದೋಸೆ. ಸಾಲು ಉದ್ದ ಇರುತ್ತದೆ, ಆದರೂ ಕಾಯಲೇಬೇಕು ಅನ್ನೋದು ನನ್ನ ಮಾತು!

ಆಮೇಲೆ ಅರಮನೆ. ಚಪ್ಪಲಿ ಹೊರಗೇ ಬಿಡಬೇಕು. ಹೋದ ಸಲ ಬಿಸಿ ಕಲ್ಲಿನ ಮೇಲೆ ಅಮ್ಮ ತುದಿಗಾಲಲ್ಲಿ ಓಡಿದ್ದರು, ಹಾಗಾಗಿ ಒಂದು ಜೊತೆ ಸಾಕ್ಸ್ ಇಟ್ಟುಕೊಳ್ಳಿ. ಸಂಜೆ 7ಕ್ಕೆ ದೀಪ ಹಚ್ಚುತ್ತಾರೆ. ಸಾವಿರಾರು ಬಲ್ಬು ಒಟ್ಟಿಗೆ ಹೊತ್ತಿಕೊಳ್ಳುವ ಆ ಗಳಿಗೆ ಮಕ್ಕಳು ನೋಡಲೇಬೇಕು. ಅದಕ್ಕೇ ವಾಪಸ್ಸು ರಾತ್ರಿ ಬಸ್ಸಿಗೆ.

ಹೆಸರು, ಎಷ್ಟು ಜನ, ಮಕ್ಕಳ ವಯಸ್ಸು ಇಲ್ಲೇ ಬರೆಯಿರಿ. ಬರಲಾಗದವರೂ ದಯವಿಟ್ಟು "ಇಲ್ಲ" ಅಂತ ತಿಳಿಸಿ, ಗುರುವಾರ ರೂಮಿಗೆ ಮುಂಗಡ ಕಟ್ಟಬೇಕು.